ಬೀದಿಗೆ ಹಚ್ಚಿದ ವಿಭೂತಿ

ಹತ್ತಿ ಕಪ್ಪಾಗಿ ಬಂತು, ಮತ್ತೊಂದು ತುಣುಕು, ಅದೂ ಕಪ್ಪು, ಹಳೆಯ ಚಿತ್ರಗಳನ್ನು ಸರಿಮಾಡುವುದೇ ಈ ಮೌನಿಕಾಳ ಕಸುಬಂತೆ, ಕೂಸಿನ ಕಿವಿ ಒರೆಸುವ ಹಾಗೆ ಒರೆಸುತ್ತಾಳೆ, ಒರೆಸಿದಲ್ಲೆಲ್ಲ ನಮ್ಮ ಪಟದೊಳಗಿನ ಬೀದಿ ಎಚ್ಚರಾಗುತ್ತಿದೆ — ನೂರೈವತ್ತು ವರ್ಷದ ಹಿಂದಿನ ಮದರಾಸು, ಯಾರೋ ಬಿಳಿ ದೊರೆ ಬರೆದದ್ದು, ಕುದುರೆಗಾಡಿ, ಕೊಡೆ, ತಲೆಯ ಮೇಲೆ ಬುಟ್ಟಿ, ಇಷ್ಟು ಗದ್ದಲದಲ್ಲಿ ಅಗೋ ಒಬ್ಬ ಗಾಡಿಯವನು ಮೂಗುದಾರ ಜಗ್ಗಿ ಎತ್ತು ನಿಲ್ಲಿಸಿದ್ದಾನೆ, ಮುದುಕಿಯೊಬ್ಬಳು ದಾಟಲಿ ಅಂತ, ಐವತ್ತೆರಡು ವರ್ಷ ಗಾಂಧಿನಗರದ ಇದೇ ಪಡಸಾಲೆಯಲ್ಲಿದ್ದೂ ನಾನು ಅವನನ್ನು ನೋಡಿರಲಿಲ್ಲ. ಅಮ್ಮಾ, ಆಕಾಶದಾಗ ಈ ಮೂರು ಬಿಳಿ ಗೆರಿ ಏನ್ರಿ, ಬಣ್ಣ ಅಲ್ಲ ಇದು, ಅನ್ನುತ್ತಾಳೆ ಹುಡುಗಿ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ನಗುತ್ತಾರೆ, ಈ ಕಥೆ ಹೇಳುವುದೆಂದರೆ ಅವರಿಗೆ ಹಬ್ಬ — ಅದು ನಮ್ಮವ್ವ ಚನ್ನವೀರಮ್ಮಂದು ನೋಡವ್ವ, ವಿಭೂತಿ, ಸಾಲಿ ಮೆಟ್ಟಿಲು ಹತ್ತಿದಾಕಿ ಅಲ್ಲ, ಬೀದಿಗೂ ದೇವರಂತ ಕೈಮುಗದಾಳ, ಒರಸಿಬಿಡು.

ಅಲ್ಲ, ಹಚ್ಚಿದ್ದು ಅತ್ತೆಯಲ್ಲ, ನಾನು. ಸಿರುಗುಪ್ಪದಿಂದ ಮದುವೆಯಾಗಿ ಬಂದ ಎರಡನೇ ಸೋಮವಾರ, ಬಿ.ಎ. ಪಾಸಾದ ದಾಕ್ಷಾಯಣಿ, ಸಾಲಾಗಿ ತೂಗುಹಾಕಿದ್ದ ಪಟಗಳಿಗೆಲ್ಲ ಒದ್ದೆ ವಿಭೂತಿ ಎಳೆಯುತ್ತಾ ಹೋದೆ, ಬಸವಣ್ಣನಿಗೆ, ಮನೆಯ ಹಿರಿಯರಿಗೆ, ಅದೇ ಸಾಲಿನಲ್ಲಿದ್ದ ಇದಕ್ಕೂ, ತಲೆ ಎತ್ತಿ ನೋಡಲೂ ನಾಚಿಕೆ, ಬೆರಳಿಗೆ ಗಾಜು ತಗಲಲಿಲ್ಲ, ಚಿತ್ರ ಬರೆದ ಬಟ್ಟೆಯೇ ತಗಲಿತು — ಅಷ್ಟರಲ್ಲಿ ಮಾವನವರು, ಯಾರ ಕೆಲಸ ಇದು, ಬೀದಿಗೆ ವಿಭೂತಿ ಹಚ್ಚೋ ಶಾಣ್ಯಾರು ಯಾರದೀರಿ ಈ ಮನ್ಯಾಗ. ನಾನ್ರಿ, ಅಂದರು ಅತ್ತೆ, ಯಾಕ, ಬೀದ್ಯಾಗಿನ ಮಂದಿಗೆ ಶಿವ ಬ್ಯಾಡೇನು. ಆಮೇಲೆ ಅಡಿಗೆಮನೆಯಲ್ಲಿ, ಸುಮ್ನಿರವ್ವ, ಬೈಸಿಕೊಂಡು ನನಗ ರೂಢಿ ಐತಿ, ನೀ ಓದಿದಾಕಿ, ಬಂದ ತಿಂಗಳಿಗೇ ಸಣ್ಣಾಕಿ ಆಗಬ್ಯಾಡ. ಸಣ್ಣವರು ಅವರಾದರು, ಬಂದ ನೆಂಟರೆದುರೆಲ್ಲ, ಸತ್ತ ಮೇಲೂ, ನಾನು ಚಹಾದ ತಟ್ಟೆ ಹಿಡಿದು ಅದೇ ನಗುವಿನಲ್ಲಿ ಸೇರಿಕೊಂಡೆ, ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವಳು. ಹತ್ತಿ ಈಗ ಮೊದಲ ಗೆರೆಯ ಹತ್ತಿರ, ಗೆರೆ ಹೋಗುತ್ತದೆ, ಅವರ ಮೇಲಿನ ಮಾತು ಹಾಗೇ ಉಳಿಯುತ್ತದೆ — ತಡಿಯವ್ವ, ಇದು ನನ್ನದೇ ದನಿ, ಅದು ನಮ್ಮತ್ತಿ ಹಚ್ಚಿದ್ದಲ್ಲ, ನಾ ಹಚ್ಚಿದ್ದು. ಪೇಪರು ಕೆಳಗಿಳಿಯಿತು. ಏ, ಸುಳ್ಳು ಹೇಳಬ್ಯಾಡ, ಅವ್ವನ ಬೆರಳಿಗೆ ವಿಭೂತಿ ಇತ್ತು, ನಾನ ಕಣ್ಣಾರೆ ನೋಡೀನಿ. ಹೌದು, ಇತ್ತು, ಮಾವನವರ ಚಪ್ಪಲಿ ಸದ್ದು ಹೊಸ್ತಿಲಲ್ಲಿ ಕೇಳಿದ ಕೂಡಲೇ ಅತ್ತೆ ನನ್ನ ಕೈಯ ವಿಭೂತಿ ಬಟ್ಟಲು ಕಸಿದುಕೊಂಡರು, ರೊಟ್ಟಿ ಹಿಟ್ಟು ಮೆತ್ತಿದ್ದ ಕೈಯನ್ನು ಸೆರಗಿಗೆ ಒರೆಸಿ, ಬುಡದ ತನಕ ಅದ್ದಿದರು — ಮೂರು ಬೆರಳು, ಒದ್ದೆ, ಬಿಳಿ, ಮಾವನವರಿಗೆ ಕಾಣಲೆಂದೇ ಎತ್ತಿ ಹಿಡಿದ — ಮೂರು ಬೆರಳು.