ಹಲ್ಲುನೋವಿಗೆ ಪಾಡ್‌ಕಾಸ್ಟ್

ಕಿವಿಯಲ್ಲಿ ಓಡುತ್ತಿರುವ ಪಾಡ್‌ಕಾಸ್ಟ್ ಮುಗಿಯುವವರೆಗೆ ನಮ್ಮ ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ಕಿನ ಹೊಸ್ತಿಲು ದಾಟುವುದಿಲ್ಲ. ಕೆನ್ನೆ ಊದಿಸಿಕೊಂಡ ರೋಗಿಗಳು ಮೆಟ್ಟಿಲಿನ ಮೇಲೆ ಅವರನ್ನು ಬಳಸಿಕೊಂಡೇ ಒಳಗೆ ಬಂದು ಕೂರಬೇಕು; ಅವರು ಮಾತ್ರ ಕೈಚೀಲವನ್ನು ಎದೆಗೆ ಅವಚಿಕೊಂಡು, ಕಣ್ಣು ಅರೆಮುಚ್ಚಿ, ಯಾರೋ ಕಾಣದವರ ಮಾತಿಗೆ ತಲೆದೂಗುತ್ತ ನಿಂತಿರುತ್ತಾರೆ. ಕೊನೆಯ ಮಾತು ಕಿವಿಗೆ ಬಿದ್ದ ಮೇಲೆಯೇ ಇಯರ್‌ಫೋನಿನ ವಯರನ್ನು ಸುತ್ತಿ ಬಿಳಿ ಕೋಟಿನ ಎಡಜೇಬಿಗೆ ತುರುಕುವುದು, ಒಳಗೆ ಬರುವುದು. ಮಳೆ ಬಂದರೂ, ಒಳಗೆ ಮಗು ಚೀರಿಕೊಂಡರೂ ಈ ವ್ರತ ತಪ್ಪಿದ್ದಿಲ್ಲ. ಮುಂಬಾಗಿಲ ಮೇಜಿನಲ್ಲಿ ಕುಳಿತು ಚೀಟಿ ಕೊಡುವ ನಾನು ಕೈಮುಗಿದು ದಿನ ಶುರುಮಾಡುವವಳು. ಅವರ ಆ ನಿಲುವನ್ನು ಕಂಡರೆ ಇದೂ ಒಂದು ಬಗೆಯ ಪೂಜೆಯೇ ಇರಬೇಕೆಂದು ನನಗೆ ಅನ್ನಿಸುತ್ತಿತ್ತು.

ಜಗತ್ತಿನಲ್ಲಿ ಕೇಳಬೇಕಾದದ್ದು ಬಹಳ, ಆಯುಸ್ಸು ಅಲ್ಪ ಎಂಬ ಕಾರಣಕ್ಕೆ ಅವರು ಎಲ್ಲವನ್ನೂ ದುಪ್ಪಟ್ಟು ವೇಗದಲ್ಲಿ ಕೇಳುತ್ತಾರೆ. ಅದರ ಫಲವಾಗಿ ಉಳಿದ ನಾವೆಲ್ಲ ಅವರಿಗೆ ತೀರ ನಿಧಾನವಾಗಿ ತೋರುತ್ತೇವೆ. ರೋಗಿ ತನ್ನ ನೋವಿನ ಕಥೆಯನ್ನು ಮೊನ್ನೆ ತಿಂದ ಚಕ್ಕುಲಿ... ಅಲ್ಲ, ಅದಕ್ಕೂ ಹಿಂದೆ ಮದುವೆಮನೆಯಲ್ಲಿ ಕಡಿದ ಗಟ್ಟಿ ಪದಾರ್ಥದಿಂದ ಆರಂಭಿಸಿದನೋ ಇಲ್ಲವೋ, ಇವರ ಬಾಯಿಂದ ಬರುವ ಮಾತು ಒಂದೇ: "ಸಾರಾಂಶ ಹೇಳಿ." ನಡಿಗೆಯೂ ಅಷ್ಟೇ, ಚಪ್ಪಲಿಯ ಸದ್ದು ಕೇಳುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ.

ಆದರೆ ಕೇಳಿದ್ದನ್ನು ಒಬ್ಬರೇ ಇಟ್ಟುಕೊಳ್ಳುವ ಬುದ್ಧಿ ಅವರಿಗಿಲ್ಲ. ಬಾಯಿ ಕಳೆದು ಮಲಗಿದವರು ಬೇಡವೆನ್ನಲಾರರಷ್ಟೆ. ಸಂಸ್ಕೃತಿ, ಮನಶ್ಶಾಸ್ತ್ರ, ಸ್ವಂತ ಏಳಿಗೆ, ಮೂರರಲ್ಲಿ ಯಾರಿಗೆ ಯಾವುದು ಕಡಿಮೆಯಾಗಿದೆ ಎಂಬುದು ಅವರಿಗೆ ದವಡೆ ನೋಡಿದರೇ ತಿಳಿಯುತ್ತದೆಯಂತೆ. ನೋವಿನ ಮಾತ್ರೆಯ ಕೆಳಗೆ ಅದೇ ಅಕ್ಷರದಲ್ಲಿ ಪಾಡ್‌ಕಾಸ್ಟಿನ ಹೆಸರನ್ನೂ ಬರೆಯುತ್ತಾರೆ. ಒಮ್ಮೆ ಔಷಧದ ಅಂಗಡಿಯವರು ನನಗೆ ಫೋನು ಮಾಡಿದರು: "ಅಮ್ಮಾ, 'ಇಲ್ಲ ಎನ್ನುವ ಧೈರ್ಯ' ಅಂತ ಬರೆದಿದ್ದಾರೆ. ನಮ್ಮಲ್ಲಿ ಸ್ಟಾಕಿಲ್ಲ. ಅದರ ಬದಲು ಬೇರೆ ಕಂಪನಿದು ಕೊಡ್ಲಾ?" ಆ ಚೀಟಿ ಒಬ್ಬ ಬ್ಯಾಂಕಿನ ಗುಮಾಸ್ತರದು. ಅವರು ಅದನ್ನು ಹುಡುಕಿ, ಶ್ರದ್ಧೆಯಿಂದ ಕೇಳಿ, ಮುಂದಿನ ವಾರ ಬಂದು ರೂಟ್ ಕೆನಾಲಿಗೇ 'ಇಲ್ಲ' ಎಂದು ಹೇಳಿ ಹೊರಟುಹೋದರು. ರಾತ್ರಿ ಪಾಳಿಯ ಕಾವಲುಗಾರನಿಗೆ ನಾನಾ ದೇಶದ ಲಾಲಿಹಾಡುಗಳ ಚರಿತ್ರೆಯನ್ನು ಬರೆದುಕೊಟ್ಟಿದ್ದರ ಪರಿಣಾಮವನ್ನಂತೂ ಹೇಳಬೇಕಾಗಿಲ್ಲ. ಅವನ ಮೇಲಧಿಕಾರಿಯೇ ಬಂದು ನಮ್ಮನ್ನು ವಿಚಾರಿಸಿಕೊಂಡ.

ಡಾಕ್ಟರಮ್ಮನಿಗೊಬ್ಬ ಅಕ್ಕ ಇದ್ದಾರೆ. ಆಟಿಕೆ ಅಂಗಡಿ ಇಟ್ಟಿದ್ದವರು. ದಿನಾ ಮಧ್ಯಾಹ್ನ ನನ್ನ ಮೇಜಿಗೆ ಫೋನು ಮಾಡಿ, "ಅವಳು ಉಂಡಳಾ? ಸುಳ್ಳು ಹೇಳ್ಬೇಡ" ಎಂದು ಕೇಳುತ್ತಿದ್ದರು. ಹೋದ ವರ್ಷ ಅಂಗಡಿ ಮುಚ್ಚಿತು. ಆ ಫೋನೂ ನಿಂತಿತು. "ಅಕ್ಕನಿಗೆ ಈಗ ಏಕಾಂತ ಬೇಕಾಗಿದೆ. ಅದರ ಬಗ್ಗೆ ತುಂಬ ಒಳ್ಳೆ ಪಾಡ್‌ಕಾಸ್ಟ್ ಇದೆ" ಎಂದು ಡಾಕ್ಟರಮ್ಮ ನನಗೆ ಸಮಾಧಾನ ಹೇಳಿದರು. ಆದರೆ ಮಧ್ಯಾಹ್ನ ನನ್ನ ಮೇಜಿನ ಫೋನು ಗುಣುಗಿದರೆ ಸಾಕು, ಒಳಗೆ ಯಂತ್ರದ ಸದ್ದು ನಿಲ್ಲುತ್ತಿತ್ತು, ಒಳಕೋಣೆಯ ಪರದೆಯ ಅಂಚಿನಲ್ಲಿ ಅವರ ಮುಖ ಕಾಣುತ್ತಿತ್ತು. ನಾನು ಅಲ್ಲವೆಂದು ತಲೆಯಾಡಿಸಿದರೆ ಮತ್ತೆ ಯಂತ್ರ ಶುರುವಾಗುತ್ತಿತ್ತು. ಅಕ್ಕನ ಮುನಿಸು ಮುರಿಯುವ ದಾರಿ ಅವರಿಗೆ ಕಾಣದಾಗಿತ್ತು.

ಈಚೆಗೆ ಅವರು ಬಂದವರಿಗೆಲ್ಲ ಒಂದೇ ಪಾಡ್‌ಕಾಸ್ಟನ್ನು ಬರೆದುಕೊಡತೊಡಗಿದರು. ಹೆಸರು ಹೇಳದ ಒಬ್ಬ ಹೆಂಗಸು ತನ್ನ ಕಷ್ಟಕಾಲದಲ್ಲಿ ತಂಗಿ ನಡೆದುಕೊಂಡ ರೀತಿಯನ್ನು ಅದರಲ್ಲಿ ಹೇಳಿಕೊಂಡಿದ್ದಳು. "ಎಂಥೆಂಥ ತಂಗಿಯರು ಇರ್ತಾರೆ ನೋಡಿ ಪ್ರಪಂಚದಲ್ಲಿ" ಎಂದು ಡಾಕ್ಟರಮ್ಮ ನಿಟ್ಟುಸಿರಿಟ್ಟು, ನನ್ನ ಫೋನಿಗೂ ಕಳಿಸಿದರು. ನಾನು ಮನೆಯಲ್ಲಿ ಸೊಪ್ಪು ಬಿಡಿಸುತ್ತ, ಎಲ್ಲರೂ ಮಾತಾಡುವ ವೇಗದಲ್ಲಿಯೇ ಕೇಳಿದೆ. ಎರಡನೆಯ ವಾಕ್ಯಕ್ಕೇ ಕೈ ನಿಂತಿತು. ಅದು ದಿನಾ ಮಧ್ಯಾಹ್ನ ನನಗೆ ಸುಳ್ಳು ಹೇಳಬೇಡವೆನ್ನುತ್ತಿದ್ದ ದನಿ. ದುಪ್ಪಟ್ಟು ವೇಗದಲ್ಲಿ ಅದು ತಂಗಿಗೇ ಗುರುತಾಗಿರಲಿಲ್ಲ.

ಹೇಳುವುದು ಹೇಗೆ? ಹೇಳದಿರುವುದು ಹೇಗೆ? ದೇವರೇ, ಇದು ನನ್ನ ಬಾಯಿಂದ ಬರುವುದು ಬೇಡ, ಬೇರೆ ಯಾರನ್ನಾದರೂ ಕಳಿಸು ಎಂದು ಬೇಡಿಕೊಂಡೆ. ಅವನು ನಿವೃತ್ತ ಮೇಷ್ಟ್ರನ್ನು ಕಳಿಸಿದ.

ಮೇಷ್ಟ್ರಿಗೆ ಕಿವಿ ಮಂದ. ಕಟ್ಟಿಸಿದ ಹಲ್ಲನ್ನು ಸರಿಮಾಡಿಸಲು ಬಂದವರು ಕುರ್ಚಿಯಲ್ಲಿ ಕುಳಿತವರೇ ಫೋನು ಹೊರತೆಗೆದು, "ಡಾಕ್ಟ್ರೇ, ನೀವು ಬರೆದುಕೊಟ್ಟಿದ್ದು ನಂಗೆ ಸರಿಯಾಗಿ ಕೇಳಿಸ್ತಿಲ್ಲ. ನೀವೇ ಕೇಳಿ ಹೇಳಿ" ಎಂದು ದನಿಯನ್ನು ಪೂರ್ತಿ ಏರಿಸಿ ಹಚ್ಚಿಯೇಬಿಟ್ಟರು. ಕ್ಲಿನಿಕ್ಕು ತುಂಬ ಆ ಹೆಂಗಸಿನ ಮಾತು, ನಿಧಾನವಾಗಿ, ಉಸಿರಿನ ಸಮೇತ: "ಕೊನೇ ದಿನ ಅಂಗಡಿ ಶಟರ್ ಎಳೆಯೋಕೆ ನನಗೆ ಇನ್ನೊಂದು ಕೈ ಬೇಕಿತ್ತು. ತಂಗಿಗೆ ಹೇಳಿ ಕಳಿಸಿದೆ. ಅವಳು ಬರಲಿಲ್ಲ. ಸೋಲನ್ನು ಮೆಟ್ಟಿಲು ಮಾಡಿಕೊಳ್ಳೋದು ಹೇಗೆ ಅಂತ ಒಂದು ಲಿಂಕ್ ಬಂತು."

ಡಾಕ್ಟರಮ್ಮ ಹಲ್ಲು ನೋಡುವ ಕನ್ನಡಿಕಡ್ಡಿ ಹಿಡಿದ ಕೈಯನ್ನು ಇಳಿಸಲಿಲ್ಲ.

"ಯಾರದು, ಪಾಪ?" ಎಂದರು ಮೇಷ್ಟ್ರು.

"ನಮ್ಮಕ್ಕ."

"ಆಂ?"

"ನಮ್ಮಕ್ಕ, ಮೇಷ್ಟ್ರೇ. ಆ ತಂಗಿ ನಾನು."

ಮೇಷ್ಟ್ರಿಗೆ ಈ ಸಲ ಕೇಳಿಸಿತು. ಹಲ್ಲಿನ ಸೆಟ್ಟನ್ನು ಅವರೇ ಮೆಲ್ಲಗೆ ಡಬ್ಬಿಗೆ ಹಾಕಿಕೊಂಡು, "ನಂದೇನು ಅವಸರ ಇಲ್ಲ, ನಾಳೆ ಬರ್ತೀನಿ" ಎಂದು ಎದ್ದರು. ಡಾಕ್ಟರಮ್ಮ ಹೊರಗೆ ಬಂದು ತಮ್ಮ ಫೋನನ್ನೂ ವಯರನ್ನೂ ನನ್ನ ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದರು. ಅಂದು ಅವರ ಚಪ್ಪಲಿಯ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು.

ಮರುದಿನ ಮಧ್ಯಾಹ್ನ ನನ್ನ ಮೇಜಿಗೆ ಫೋನು ಬಂತು. "ಬಂದಿದ್ಲು ಕಣಮ್ಮ" ಎಂದರು ಅಕ್ಕ. "ಮಾರಾಟವಾಗದ ಗೊಂಬೆಗಳು ಮನೆ ತುಂಬ ಇದ್ವಲ್ಲ, ಒಂದೊಂದನ್ನೂ ಒರೆಸಿ ಪೆಟ್ಟಿಗೆಗೆ ತುಂಬಿದ್ಲು. ನಾನು ಬೈತಾನೇ ಇದ್ದೆ. ಚೆನ್ನಾಗಿ ಬೈದೆ. ನಡುವೆ ಒಂದ್ಸಲ ಸಾರಾಂಶ ಅಂತ ಬಾಯಿ ತೆರೆದು, ತಾನೇ ಮುಚ್ಕೊಂಡ್ಲು. ಆಮೇಲೆ ನಗು ತಡೆಯೋಕಾಗದೆ ಬೈಯೋದು ನಿಲ್ಲಿಸ್ದೆ. ಅದಿರ್ಲಿ, ಉಂಡಳಾ?"

ಪರದೆಯ ಅಂಚಿನಿಂದ ನೋಡುತ್ತಿದ್ದ ಡಾಕ್ಟರಮ್ಮ ಇಲ್ಲ ಎನ್ನಬೇಡವೆಂದು ನನಗೆ ಕಣ್ಸನ್ನೆ ಮಾಡಿದರು.

ಹೀಗೆ ಊರಿಗೆಲ್ಲ ಇದನ್ನು ಕೇಳಿ, ಅದನ್ನು ಕೇಳಿ ಎಂದು ಹಂಚುತ್ತ ತಿರುಗುವವರನ್ನು ಕಂಡು ನಾವು ನಗೆಯಾಡುತ್ತೇವೆ. ಆದರೆ ಅವರಲ್ಲಿ ಪ್ರೀತಿಗೆ ಬರವಿರುವುದಿಲ್ಲ. ಬರವಿರುವುದು ತಮ್ಮ ಮಾತಿನ ಮೇಲಿನ ನಂಬಿಕೆಗೆ. ನೊಂದವರ ಎದುರು ಬರಿಗೈಯಲ್ಲಿ ಹೋಗಿ ನಿಲ್ಲಲು ಅಂಜಿ, ತಮಗಿಂತ ಚೆನ್ನಾಗಿ ಮಾತಾಡಬಲ್ಲ ಯಾರನ್ನೋ ಮುಂದೆ ಕಳಿಸಿ, ತಾವು ಬಾಗಿಲ ಹಿಂದೆ ನಿಂತುಬಿಡುತ್ತಾರೆ. ನೊಂದವರು ಕಾಯುತ್ತಿರುವುದು ಆ ಹಿಂದೆ ನಿಂತವರನ್ನೇ ಎಂಬುದು ಅವರಿಗೆ ತಟ್ಟನೆ ಹೊಳೆಯುವುದಿಲ್ಲ.

ವಾರ ಕಳೆದ ಮೇಲೆ, ಅಕ್ಕನನ್ನು ಮಾತಾಡಿಸಿದ್ದ ಆ ಪಾಡ್‌ಕಾಸ್ಟ್ ನಡೆಸುವಾಕೆಯೇ ಅಕ್ಕನಿಂದ ನಂಬರು ಪಡೆದು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಜನ ಆ ತಂಗಿಯನ್ನು ಬಹಳ ಬೈದುಕೊಂಡಿದ್ದಾರೆ; ಅಕ್ಕತಂಗಿಯರಿಬ್ಬರನ್ನೂ ಕೂರಿಸಿ ಮಾತಾಡಿಸುತ್ತೇನೆ, ಬೈದವರೇ ಮೆಚ್ಚುವಂತೆ ಮಾಡುತ್ತೇನೆ ಎಂಬುದು ಅವಳ ಔದಾರ್ಯ. ಡಾಕ್ಟರಮ್ಮ ಅವಳ ಮಾತನ್ನು ಎಲ್ಲಿಯೂ ತುಂಡರಿಸದೆ ಕೊನೆಯವರೆಗೆ ಕೇಳಿಸಿಕೊಂಡರು.

"ನಿಮ್ಮ ಕಾರ್ಯಕ್ರಮ ಚೆನ್ನಾಗಿರುತ್ತಮ್ಮ, ಎಲ್ಲರಿಗೂ ನಾನೇ ಹೇಳ್ತೀನಿ" ಎಂದರು. "ಆದ್ರೆ ಇದು ಬೇಡ. ಬೈಯೋರು ಬೈಕೊಳ್ಲಿ. ನಾವಿಬ್ರು ಆಡೋ ಮಾತು ಬೇರೆ ಯಾರೂ ಕೇಳೋದಕ್ಕಲ್ಲ."