ಉಪಖಾರ

ಉಪ್ಪು ತಿಂದವ ನೀರು ಕುಡಿಯಬೇಕು, ಉಪಖಾರ ತಿಂದವ ಕಣ್ಣೀರು ಕುಡಿಯಬೇಕು. ಗಾದೆ ಕೆಡಿಸಿದೆನೆಂದು ಬೈಯಬೇಡಿ. ಬ್ಯಾಡಗಿ ಕಡೆಯ ಗಾದೆಗೆ ಅಷ್ಟು ಖಾರ ಬೇಕೇ ಬೇಕು. ಕತೆ ಮಾತ್ರ ಕೆಟ್ಟಿಲ್ಲ, ಖರೇ ನಡೆದದ್ದು.

ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವ ಕೊಟ್ರೇಶನಿಗೆ ಎರಡೇ ಆಸ್ತಿ: ಯಾರ ದನಿಯನ್ನಾದರೂ ಕದಿಯುವ ಗಂಟಲು, ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ. ಮನುಷ್ಯಜಾತಿಯ ಬಗ್ಗೆ ಅವನಿಗೆ ಇದ್ದದ್ದು ತಾತ್ಸಾರವೊಂದೇ. ಅದರಲ್ಲೂ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನನ್ನು ಕಂಡರೆ ಮೈಯೆಲ್ಲ ಉರಿ. ಆ ಮಹಾಶಯ ಹಮಾಲರಿಗೆ ಹಂಚುವ ಬಾಟಲಿಗಳಲ್ಲಿ ನೀರಿಗಿಂತ ಅವನ ಫೋಟೊ ದೊಡ್ಡದು. ಗೋದಾಮಿನ ಮೆಣಸಿನ ಘಾಟಿಗೆ ಅವನ ಕಣ್ಣು ಒದ್ದೆಯಾದರೆ ಮರುದಿನವೇ ಬ್ಯಾನರು: ‘ಬಡವರ ಕಂಡು ಕಣ್ಣೀರಿಟ್ಟ ದಾನಿ’.

“ಸಹಾಯ ಅಂದ್ರ ಸಹ-ಆಯ! ಆಯ ಇಲ್ದ ಸಹಾಯ ಎಲ್ಲೈತಿ?” ಎಂದ ಕೊಟ್ರೇಶ, ಹೆಂಡತಿ ಶ್ರೀದೇವಿಗೆ.

“ಕೂಸಿನ ಕೈಯಾಗ ಬಿಸ್ಕೀಟ್ ಕೊಡ್ರಿ, ಮುರದು ನಿಮ್ಮ ಬಾಯಿಗೇ ಇಡತೈತಿ. ಅದಕ್ಕ ಯಾವ ಆಯ? ಹುಟ್ಟಿನಿಂದ ಬಂದ ಗುಣಾರೀ ಅದು.”

“ಕೂಸಿಗೆ ಇನ್ನೂ ಬುದ್ಧಿ ಬಂದಿರೂದಿಲ್ಲ. ಲಾಭ ಇಲ್ದ ಒಬ್ಬರರ ಓಡಿ ಬರಲಿ, ಮೀಸಿ ಬೋಳಿಸ್ತೀನಿ.”

“ಬೋಳಸ್ರಿ. ಮಾರಿ ಆದ್ರೂ ಕಾಣ್ತೈತಿ.”

ಮರುದಿನ ಇಬ್ಬರೂ ಹಾವೇರಿ ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಯ ಹಿಂದೆ ನಿಂತರು. ಶ್ರೀದೇವಿಯ ಫೋನಿನಿಂದ ಕೊಟ್ರೇಶ ನಿಜಲಿಂಗಪ್ಪನಿಗೆ ಕರೆ ಮಾಡಿದ. ದನಿ ಕರ್ಜಗಿಯ ಚೌಡವ್ವನದು. ಅದೇ ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸುವ ಮುದುಕಿ.

“ಸಾವಕಾರ್ರ, ನಾ ಚೌಡವ್ವ… ಹಾವೇರಿ ಬಸ್ ಸ್ಟ್ಯಾಂಡಿನ್ಯಾಗ ಬಿದ್ದೇನ್ರಿ. ದಯವಿಟ್ಟು ಲಗೂ ಬರ್ರಿ. ಫೋಟೊದವ್ರು ಬ್ಯಾಡ್ರಿ, ನಾಚಿಕಿ ಆಗತೈತಿ.”

ಫೋನಿಟ್ಟು ಮೀಸೆ ತಿರುವಿದ. “ಫೋಟೊ ಇಲ್ಲಂದ ಮ್ಯಾಲ ಅಂವ ಎಲ್ಲಿ ಬಂದಾನ!”

ಅರ್ಧ ತಾಸಿಗೆ ನಿಜಲಿಂಗಪ್ಪನ ಬೈಕು ಬಂತು. ಹಿಂದೆ ಕುಳಿತವಳು ಚೌಡವ್ವನೇ, ಕೈಯಲ್ಲಿ ಅರಿಶಿನದ ಪುಡಿಯ ಪೊಟ್ಟಣ. “ಬಿದ್ದಾವ್ರು ಯಾರ್ರಪಾ? ಎಲ್ಲಿ ಬಿದ್ರಿ?” ಎಂದು ಕೂಗುತ್ತ ಇಳಿದಳು. ನಿಜಲಿಂಗಪ್ಪ ಅದೇ ನಂಬರಿಗೆ ಫೋನ್ ಮಾಡಿದ. ಕಬ್ಬಿನ ಹಾಲಿನ ಅಂಗಡಿಯ ಹಿಂದೆ ಶ್ರೀದೇವಿಯ ಚೀಲ ಹಾಡಿತು. ನಿಜಲಿಂಗಪ್ಪ ಇಣುಕಿ ನೋಡಿದ, ಮೀಸೆಯ ಗುರುತು ಸಿಕ್ಕಿತು.

“ಮಾಸ್ತರ! ಫೋನ್ ಬಂದಾಗ ಈಕಿ ನನ್ನ ಮುಂದ ಕುಂತಿದ್ಲು. ಇರದಿದ್ರೂ ನೀವು ಸಿಗಬೀಳ್ತಿದ್ರಿ. ಮೂವತ್ತು ವರ್ಷದಾಗ ಚೌಡವ್ವ ಒಮ್ಮೆರ ‘ದಯವಿಟ್ಟು’ ಅಂದಾಳೇನು? ಅದು ಕಾಲೇಜಿನ ಮಾತು! ನಾ ಬರಾಂವ ಅಲ್ಲ, ಈಕಿ ಎಳಕೊಂಡ್ ಬಂದ್ಲು.”

ಕೊಟ್ರೇಶ ಮುದುಕಿಯತ್ತ ತಿರುಗಿದ. “ನೀ ಬಿದ್ದಿಲ್ಲಂತ ನಿನಗ ಗೊತ್ತಿತ್ತಲ್ಲಬೇ, ಮತ್ತ್ಯಾಕ ಬಂದಿ?”

“ನಾ ಬಿದ್ದಿರಲಿಲ್ಲ. ಹಂಗಾರ ಮತ್ಯಾರೋ ಬಿದ್ದಿರಬೇಕಲ್ಲಪಾ.”

“ನಿನಗೇನ ಲಾಭ?”

“ಈ ಬೈಕಿನ ಮ್ಯಾಲ ಕುಂತು ಸೊಂಟನೋವು ಬಂತು. ಬೇಕಾದ್ರ ಅದನ್ನ ಲಾಭ ಅನ್ನು.”

ಶ್ರೀದೇವಿ ರಸ್ತೆಯಾಚೆಯ ಕಟಿಂಗ್ ಅಂಗಡಿಯತ್ತ ಬೆರಳು ತೋರಿಸಿದಳು.

ಅರ್ಧ ಮೀಸೆ ಹೋಗುವಷ್ಟರಲ್ಲಿ ಕೊಟ್ರೇಶ ಮಿಸುಕಾಡಿ ತುಟಿಯ ಮೇಲೆ ಗಾಯವಾಯಿತು. ಚೌಡವ್ವ ಅರಿಶಿನ ಒತ್ತಿದಳು: “ನೋಡು, ನಾ ಬಂದದ್ದು ದಂಡ ಆಗಲಿಲ್ಲ.” ನಿಜಲಿಂಗಪ್ಪ ತನ್ನ ಫೋಟೊದ ಬಾಟಲಿ ಕೊಟ್ಟು, ತಾನೂ ಕಾಣುವಂತೆ ಮೊಬೈಲು ಎತ್ತಿ ಹಿಡಿದ. ಇವನ ಮಟ್ಟಿಗಾದರೂ ನನ್ನ ಸಿದ್ಧಾಂತ ಸೋತಿಲ್ಲ ಎಂದುಕೊಂಡ ಕೊಟ್ರೇಶ, ಹಳದಿ ತುಟಿಯಲ್ಲೇ.

ಶ್ರೀದೇವಿ ನಕ್ಕಳು, ಕ್ಷೌರಿಕನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಮೋಸ ಹೋಗಬೇಕಾಗಿದ್ದ ನಿಜಲಿಂಗಪ್ಪ. ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಇಲ್ಲದೆ, ಮೊದಲ ಸಲ.