ಗಂಟಿಕ್ಕದ ಹಣೆ

ಸೂಜಿಯ ತುದಿಯಲ್ಲೊಂದು ಹನಿ, ಬೀಳಲೋ ಬೇಡವೋ ಎಂದು ತೂಗುತ್ತಿದೆ, ಕುರ್ಚಿಯಲ್ಲಿ ಒರಗಿದ ಹೆಂಗಸಿನ ಎಡಗೆನ್ನೆ ತಿಂಗಳ ಹಿಂದೆ ತಾನೇ ತುಂಬಿದ್ದು, ಈಗ ಮತ್ತೆ ಕುಳಿ, ವಯಸ್ಸಾದರೆ ಹೀಗೆ ಒಂದೇ ಕಡೆ ಕುಸಿಯುವುದಿಲ್ಲ ಎಂದು ಡಾಕ್ಟರಮ್ಮನ ಬೆರಳಿಗೆ ಗೊತ್ತು, ಕೆನ್ನೆ ತುಂಬಲು ಚರ್ಮದಡಿ ಹಾಕಿದ್ದ ಜೆಲ್ಲು ದವಡೆಯತ್ತ ಜಾರಿ ಗಂಟು ಕಟ್ಟಿದೆ, ಕುಳಿಯೋ ಒಂದು ಮುಷ್ಟಿಯ ಅಳತೆಗೆ ಸರಿಯಾಗಿದೆ — ಬಾಗಿಲಿಗೆ ಬಡಿದುಕೊಂಡೆ ಎಂದಿದ್ದಳು ಕಳೆದ ಸಲ, ಡಾಕ್ಟರಮ್ಮನ ಅಮ್ಮನೂ ಬಾಗಿಲನ್ನೇ ಬೈಯುತ್ತಿದ್ದಳು, ಮನೆಯ ನಾಲ್ಕು ಬಾಗಿಲೂ ಅಮ್ಮನಿಗೆ ಹೊಡೆದಿದ್ದವು, ಆದರೆ ಅಮ್ಮನಿಗೆ ಅಪ್ಪನ ಹಣೆ ಓದಲು ಬರುತ್ತಿತ್ತು, ಹುಬ್ಬುಗಳ ನಡುವೆ ಎರಡು ಗೆರೆ ಎದ್ದವೆಂದರೆ ಮಕ್ಕಳನ್ನು ಹೊರಗಟ್ಟುತ್ತಿದ್ದಳು, ನಾನು ಕರೆಯೋವರೆಗೂ ಬರ್ಬೇಡಿ, ಆಮೇಲೆ ಗೋಡೆಯಾಚೆ ಆ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ — ಮುಂಚೆ ಗೊತ್ತಾಗ್ತಿತ್ತು ಡಾಕ್ಟ್ರೇ, ಎಂದಳು ಹೆಂಗಸು ಕಣ್ಣು ಮುಚ್ಚಿಕೊಂಡೇ, ಹುಬ್ಬು ಗಂಟಿಕ್ಕಿದ್ರೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಳ್ತಿದ್ದೆ, ನೀವು ನಮ್ಮನೆಯವರ ಹಣೆಗೆ ಸೂಜಿ ಹಾಕಿದ್ಮೇಲೆ ಏನೂ ಗೊತ್ತಾಗಲ್ಲ, ಸುಮ್ನೆ ಕೂತಿರ್ತಾರೆ, ಕೈ ಬಂದ್ಬಿಡುತ್ತೆ.

ಸಿರಿಂಜು ತಟ್ಟೆಗೆ ಬಿತ್ತು, ಹೊರಗೆ ಕೂತಿರುವ ಆ ಗಂಡ, ಕೋಪದ ಗೆರೆ ತೆಗೀರಿ ಎಂದು ಬಂದವನು, ತೆಗೆದವಳು ತಾನು, ಐದು ಚುಚ್ಚಿಗೆ ಸ್ನಾಯುವನ್ನು ಮಲಗಿಸಿ, ಕನ್ನಡಿ ಹಿಡಿದು, ಹತ್ತು ವರ್ಷ ಚಿಕ್ಕವರಾದಿರಿ ಎಂದು ಹಲ್ಲು ಕಿರಿದವಳು, ಹಾವಿನ ಬುಸುಗುಟ್ಟುವಿಕೆ ಕಿತ್ತುಕೊಂಡು ಹಲ್ಲನ್ನು ಹಾಗೇ ಬಿಟ್ಟವಳು — ಬಾಗಿಲು ತಳ್ಳಿಕೊಂಡು ಅವನೇ ಬಂದ, ಆಯ್ತಾ, ಸಂಜೆ ಅವಳ ಅಣ್ಣ ಬರ್ತಾನೆ, ಎರಡೂ ಕೆನ್ನೆ ಸಮ ಕಾಣ್ಬೇಕು, ಎನ್ನುತ್ತ ಹೆಂಡತಿಯ ಕುಳಿಗೆ ಹೆಬ್ಬೆರಳು ಒತ್ತಿ ತೋರಿಸಿದ, ಆ ಹಣೆಗೆ ಮೂಳೆ ತಾಗುವವರೆಗೆ ಸೂಜಿ ಇಳಿಸಬೇಕು, ಇಳಿಸಿ ತಿರುವಬೇಕು ಎಂದಿತು ಕೈ, ಬಾಯಿ ಮಾತ್ರ, ಈ ಕೆನ್ನೆ ನಾನು ತುಂಬಲ್ಲ, ಹೀಗೇ ಫೋಟೋ ತೆಗೆದು ಪೊಲೀಸರಿಗೆ ಕೊಡ್ತೀನಿ ಎಂದಿತು, ಹೇಳಿದ ಮರುಗಳಿಗೆಯೇ ಡಾಕ್ಟರಮ್ಮನ ಕಣ್ಣು ಅವನ ಹುಬ್ಬುಗಳ ನಡುವೆ ಹುಡುಕಿತು, ಅಮ್ಮನಿಂದ ಬಂದ ಚಟ, ಏನೂ ಇಲ್ಲ, ಒಂದು ಸುಕ್ಕಿಲ್ಲ, ಕೆಲಸ ಎಷ್ಟು ಚೆನ್ನಾಗಿ ಬಂದಿದೆ ಎಂದುಕೊಳ್ಳುವಷ್ಟರಲ್ಲಿ ಕಪಾಳ ಸಿಡಿಯಿತು, ತಟ್ಟೆ ಉರುಳಿತು, ನೆಲ ಮೇಲೆದ್ದು ಬಂತು, ಬಾಯಿ ತುಂಬ ರಕ್ತ, ನಾಲಿಗೆಗೆ ಹಲ್ಲಿನ ಚೂರು, ಕರೆಗಂಟೆ ಒತ್ತಿದ್ದು ಹೆಂಗಸು, ಕುರ್ಚಿಯಿಂದ ಜಿಗಿದು, ಒತ್ತಿದ ಬೆರಳು ತೆಗೆಯದೆ — ಕಾವಲಿನವನು ಓಡಿ ಬಂದ, ಏನಾಯ್ತು ಸಾರ್, ಏನಿಲ್ಲಪ್ಪ, ಡಾಕ್ಟ್ರು ಕಾಲು ಜಾರಿ ಬಿದ್ರು, ಕಾವಲಿನವನು ಅವನ ಮುಖ ನೋಡಿದ, ನಂಬಿದ, ಸುಳ್ಳು, ಇವರೇ ಹೊಡೆದ್ರು, ನನಗೂ ಇವರೇ ಹೊಡೆದಿದ್ದು, ಎನ್ನುತ್ತಿದ್ದಾಳೆ ಹೆಂಗಸು, ಗಂಟೆ ಕಿರುಚುತ್ತಲೇ ಇದೆ, ನೆಲದಿಂದ ಕಾಣುತ್ತಿರುವುದು ಆ ಹಣೆಯೊಂದೇ, ತೊಳೆದ ಪಿಂಗಾಣಿ ತಟ್ಟೆಯ ಹಾಗೆ, ನುಣ್ಣಗೆ, ನುಣ್ಣಗೆ —